ತಂಬಿಗೆ ಹಿಡಿದು ಓಡುವವನು

ಹುಮನಾಬಾದ ಬಸ್ ನಿಲ್ದಾಣದಲ್ಲಿ ಗಯಾಬಾಯಿಯ ಬೆನ್ನ ಹಿಂದೆ ಇಬ್ಬರು ಮಾತಿಗೆ ನಿಂತಿದ್ದರು. ಒಬ್ಬ ಅವಳೂರು ದುಬಲಗುಂಡಿಯ ದರ್ಜಿ ತುಳಜಾರಾಮ, ಇನ್ನೊಬ್ಬ ಬಟ್ಟೆ ವ್ಯಾಪಾರಿ ಯುನೂಸ್.

"ಭಾಳ ಇಳದೀರಲ್ಲ ತುಳಜಾರಾಮ, ಆರಾಮ ಇಲ್ಲೇನು?"

"ಆರಾಮ ಅದೀನ್ರಿ ಯುನೂಸ್‌ಭಾಯಿ. ದಿನಾ ಮುಂಜಾನಿ ಓಡಾಕತ್ತೀನಿ. ಒಂದು ತಾರಿನ ಕಂಬದಿಂದ ಇನ್ನೊಂದಕ್ಕ ಜೀವ ಬಿಟ್ಟು ಓಡೂದು, ಅಲ್ಲಿಂದ ಮುಂದಿನ ಕಂಬದ ತನಕ ನಡ್ಯೂದು, ಮತ್ತ ಓಡೂದು. ಮಿಲಿಟ್ರಿ ಬಿಟ್ಟು ಬಂದ ಕಂಪೌಂಡರ್ ಕಲಿಸ್ಯಾನ."

"ಈ ವಯಸ್ಸಿನಾಗ?"

"ನಲವತ್ತೆಂಟ್ರಿ. ನಮ್ಮಪ್ಪ ಐವತ್ತಕ್ಕ ಎದಿ ಹಿಡಕೊಂಡು ಹೋದ."

"ಮಂದಿ ನಗಂಗಿಲ್ಲೇನು?"

"ಮೊದಲನೇ ದಿನ, ಯಾರ ಸತ್ರು ಅಂತ ಹತ್ತು ಮಂದಿ ಬೆನ್ನ ಹತ್ತಿದ್ರು. ಅವತ್ತಿಂದ ಕೈಯಾಗ ನೀರಿನ ತಂಬಿಗಿ ಹಿಡಕೋತೀನಿ. ತಂಬಿಗಿ ಹಿಡದು ಓಡಾವನ್ನ ಯಾರೂ ತಡ್ಯಂಗಿಲ್ಲ."

ಯುನೂಸ್ ಹೊಟ್ಟೆ ಹಿಡಿದು ನಕ್ಕ.

"ನಗಬ್ಯಾಡ್ರಿ. ಯಾವಾಕಿನೋ ನನ್ನ ಹೇಣ್ತಿಗೆ, ನಿನ್ನ ಗಂಡಗ ಹೊಟ್ಟಿ ಕೆಟ್ಟದ ಅಂತ ಹೇಳ್ಯಾಳ. ತಿಂಗಳಾತು, ಬರೇ ಮಜ್ಜಿಗಿ-ಅನ್ನ!"

ಬಸ್ಸು ಬಂತು. ಇಬ್ಬರೂ ಅತ್ತ ನಡೆದರು. ಗಯಾಬಾಯಿ ಸೆರಗು ಮುಂದಕ್ಕೆಳೆದುಕೊಂಡು ಅಲ್ಲೇ ಉಳಿದಳು. ಭೇದಿ ನಿಲ್ಲಲಿ ಎಂದು ತುಳಜಾರಾಮನ ಹೆಂಡತಿಗೆ ಕೊಡಲು ಕೊಂಡಿದ್ದ ದಾಳಿಂಬೆ ಸಿಪ್ಪೆಯ ಪೊಟ್ಟಣ ಅವಳ ಕೈಯಲ್ಲಿತ್ತು.