ಹನ್ನೊಂದರ ಎಣಿಕೆ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವಳು ನಮ್ಮ ಚಿಗವ್ವ ಸಾವಂತ್ರವ್ವ. ದೇವರ ಮುಂದೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡೇ ಹೇಳಿದಳು. ನಡೆದದ್ದು ಆಕೆಯ ಮಗ ಉಡಚಪ್ಪನಿಗೆ, ಎಂಬತ್ತಾರನೇ ಇಸವಿಯ ಕಾರ್ತಿಕದಲ್ಲಿ.

ಅಂದು ಉಡಚಪ್ಪನಿಗೆ ಕಡೆಯ ಬಸ್ಸು ತಪ್ಪಿತ್ತು. ಸವಣೂರಿನಿಂದ ಯಲವಿಗಿ ರಸ್ತೆ ಹಿಡಿದು ಊರಿಗೆ ನಡೆದು ಬರುತ್ತಿದ್ದ. ಅಮಾವಾಸ್ಯೆಗೆ ಎರಡೇ ದಿನ. ಮುಂದೆ ಹಾಳುಬಾವಿ, ಅದರ ಮೇಲೆ ಬಗ್ಗಿದ ಆಲದಮರ... ನಡೆಯುತ್ತ ಅವನು ಬಾಯಲ್ಲೇ ಎಣಿಸುತ್ತಿದ್ದ. "ಒಂದ... ಎರಡ... ಮೂರ..."

ಎಣಿಸಲು ಕಾರಣವಿತ್ತು. ಸವಣೂರಿನ ಹೊರಗಿನ ಒಂದು ಗೋದಾಮಿನಲ್ಲಿ ಎಂಜಿನಿಯರ್ ಸಾಹೇಬರೊಬ್ಬರು ಡ್ರೈವರಿಕೆ ಕಲಿಸುವ ಯಂತ್ರದ ಸಂಶೋಧನೆ ನಡೆಸಿದ್ದರು. ಬಸ್ಸಿನ ಮೂತಿಯಷ್ಟನ್ನೇ ಕತ್ತರಿಸಿ ಮರದ ದಿಮ್ಮಿಗಳ ಮೇಲೆ ಕೂಡಿಸಿದ್ದರು. ಗಾಲಿ ಇಲ್ಲ, ಎಂಜಿನ್ ಇಲ್ಲ. ಎದುರಿಗೆ ಬಿಳಿ ಪರದೆ. ಅದರ ಮೇಲೆ ಸಿನಿಮಾದ ಹಾಗೆ ಇದೇ ಯಲವಿಗಿ ರಸ್ತೆ ಓಡಿ ಬರುತ್ತಿತ್ತು. ಆಲದಮರದ ಹತ್ತಿರ ಒಬ್ಬ ಹೆಂಗಸು ವೀಳ್ಯದೆಲೆಯ ಪೆಂಡಿ ಹೊತ್ತು ಅಡ್ಡ ದಾಟುತ್ತಾಳೆ. ಆಗ ಬ್ರೇಕ್ ಒತ್ತಬೇಕು. ಆಕೆ ಕಂಡ ಮೇಲೆ ಕಾಲು ಎಷ್ಟು ತಡ ಮಾಡಿತೆಂದು ಬದಿಯ ಕಂಪ್ಯೂಟರು ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ತಿಂಗಳ ಕಲಿಕೆ, ಕಡೆಗೊಂದು ಪರೀಕ್ಷೆ. ಆ ಪರೀಕ್ಷೆ ಮರುದಿನವೇ ಇತ್ತು. ಗೆದ್ದವನಿಗೆ ಬಸ್ ಕಂಪನಿಯಲ್ಲಿ ಕೆಲಸದ ಪತ್ರ. ಕೆಲಸ ಸಿಕ್ಕರಷ್ಟೇ ಮಗಳನ್ನು ಕೊಡುತ್ತೇವೆಂದು ಅನ್ನವ್ವನ ಮನೆಯವರು ಉಡಚಪ್ಪನಿಗೆ ಹೇಳಿ ಕಳಿಸಿದ್ದರು.

ಆದರೆ ಅವನ ಕಾಲು ಯಾವಾಗಲೂ ತಡ. ಜೊತೆಗೆ ಕಲಿಯುತ್ತಿದ್ದ ಮೆಹಬೂಬ ಒಂದು ದಿನ ನಕ್ಕ.

"ಏ ದೋಸ್ತ, ಅಕಿ ಮಾರಿ ಯಾಕ ನೋಡಾಕತ್ತೀ? ಹೆಣ್ಣ ನೋಡಾಕ ಬಂದೀ ಏನು? ಫಿಲಂ ದಿನಾ ಅದ ಐತಿ. ಮೈಲಿಗಲ್ಲು ದಾಟಿಂದ ಹನ್ನೊಂದ ಎಣಸು, ಒತ್ತಿಬಿಡು. ಕಣ್ಣ ಮುಚ್ಚಿದ್ರೂ ಪಾಸ್!"

ಅಂದಿನಿಂದ ಉಡಚಪ್ಪ ಆಕೆಯನ್ನು ನೋಡುವುದನ್ನೇ ಬಿಟ್ಟ. ಪರದೆಯ ಮೇಲಿನ ಆ ಹೆಂಗಸು ಅವನ ಓಣಿಯ ಚೌಡವ್ವ. ಎಲೆತೋಟದಿಂದ ಬರುತ್ತಿದ್ದವಳಿಗೆ ಚಿತ್ರ ತೆಗೆಯುತ್ತಿದ್ದದ್ದೂ ಗೊತ್ತಿರಲಿಲ್ಲ. ಚಿತ್ರ ತೆಗೆದ ಮೂರು ತಿಂಗಳಿಗೆ ಅದೇ ಆಲದ ಕೆಳಗೆ ಒಂದು ಲಾರಿ ಆಕೆಯ ಮೇಲೆ ಹಾಯ್ದು, ನಿಲ್ಲದೆ ಹೋಗಿತ್ತು. ಆಕೆ ಅಲ್ಲೇ ಸತ್ತಿದ್ದಳು.

"ಒಂಬತ್ತ... ಹತ್ತ..."

ಉಡಚಪ್ಪ ಆಲದ ಕೆಳಗೆ ಬಂದಿದ್ದ.

"ಹನ್ನೊಂದ."

ಹೆಣ್ಣು ದನಿ. ಬೆನ್ನ ಹಿಂದೆಯೇ... ಬಾವಿಯ ಗಡಗಡಿ ಕಿರ್ರ್... ಎಂದು ಅರ್ಧ ಸುತ್ತು ತಿರುಗಿ ನಿಂತಿತು. ಅದಕ್ಕೆ ಹಗ್ಗವೇ ಇರಲಿಲ್ಲ.

"ಯಾ... ಯಾರವ್ವಾ?"

"ದಿನಾ ನನ್ನ ಮ್ಯಾಲೆ ಬರ್ತಿ. ಒಮ್ಮೆ ಮಾರಿ ನೋಡೋ."

ಅವನು ನೋಡಲಿಲ್ಲ. ಓಡಿದ. ಊರ ಅಗಸಿ ಬಾಗಿಲ ತನಕ ಹಿಂದೆ ಒದ್ದೆ ಎಲೆ ಬೀಳುವ ಸಪ್ಪಳ... ತಪ್... ತಪ್...

ಮನೆಯಲ್ಲಿ ಸಾವಂತ್ರವ್ವ ಎಲ್ಲವನ್ನೂ ಕೇಳಿ, ಅವನ ಹಣೆಗೆ ವಿಭೂತಿ ಬಳಿದಳು.

"ಅಮಾಸಿಗೆ ಅಕಿ ಹೆಸರಿಲೆ ಎಡಿ ಇಡೂಣು. ನಾಳೆ ಮಾತ್ರ ಅಕಿನ್ನ ನೋಡಿ ಒತ್ತು, ನನ್ನಪ್ಪಾ. ಎಣಿಸಬ್ಯಾಡ."

"ಎಣಿಸಲಿಲ್ಲಂದ್ರ ತಡಾ ಆಗ್ತೈತಿ ಯವ್ವಾ. ನೌಕರಿ ಹೋಗ್ತೈತಿ."

ಮರುದಿನ ಪರೀಕ್ಷೆ. ಹಿಂದೆ ಸಿನಿಮಾ ಯಂತ್ರ ಟರ್ರ್ ಎನ್ನುತ್ತಿತ್ತು. ಪರದೆಯ ಮೇಲೆ ಮೈಲಿಗಲ್ಲು ದಾಟಿತು. ಉಡಚಪ್ಪ ತುಟಿ ಅಲುಗಿಸದೆ ಎಣಿಸಿದ. ಐದು... ಆರು... ಏಳು...

ಏಳಕ್ಕೇ ಆಕೆ ನಿಂತಿದ್ದಳು.

ಆಲದ ಹತ್ತಿರವಲ್ಲ, ಇತ್ತಲಾಗೆ, ರಸ್ತೆಯ ನಟ್ಟನಡುವೆ. ಪೆಂಡಿಯನ್ನು ಕೆಳಗಿಟ್ಟು ಇವನನ್ನೇ ದಿಟ್ಟಿಸುತ್ತಿದ್ದಳು. ಕಣ್ಣು ಕಂಡಿತು. ಆದರೆ ಕಾಲು... ಕಾಲು ಹನ್ನೊಂದಕ್ಕೆ ಕಾಯುತ್ತಿತ್ತು. ಒತ್ತಬೇಕೆಂದರೂ ಏಳಲೊಲ್ಲದು. ಎಂಟು...

ದಡ್!

ದಿಮ್ಮಿಯ ಮೇಲಿನ ಬಸ್ಸು ಒಮ್ಮೆ ಎದ್ದು ಕುಕ್ಕರಿಸಿತು. ಯಾವುದರದೋ ಮೇಲೆ ಗಾಲಿ ಹತ್ತಿ ಇಳಿದ ಹಾಗೆ.

ಹನ್ನೊಂದಕ್ಕೆ ಕಾಲು ತಾನೇ ಒತ್ತಿತು. ಟಕ್. ಪರದೆಯ ಮೇಲೆ ಚೌಡವ್ವ ಎಂದಿನಂತೆ ಆಲದ ಕೆಳಗೆ ರಸ್ತೆ ದಾಟುತ್ತಿದ್ದಳು. ಕಾಗದ ಚರ್ರ್... ಚರ್ರ್... ಎಂದು ಹೊರಬಂತು.

"ಶಾಬಾಸ್! ಎಲ್ಲಾರಕಿಂತ ನಿಂದ ಚಲೋ ಐತಿ," ಎಂದರು ಸಾಹೇಬರು.

"ಬಸ್ಸು ಎದ್ದು ಬಿದ್ದದ್ದು ನೋಡಿದ್ರಿಲ್ರಿ?"

"ಗಾಲಿನ ಇಲ್ಲ, ಹೆಂಗ ಏಳ್ತದೋ ಹುಚ್ಚಾ?"

ಉಡಚಪ್ಪ ಇಳಿದು ದಿಮ್ಮಿಗಳ ಸಂದಿಗೆ ಬಗ್ಗಿ ನೋಡಿದ. ಒಂದು ಹಿಡಿ ವೀಳ್ಯದೆಲೆ. ಹಸಿ. ಜಜ್ಜಿ ನೆಲಕ್ಕೆ ಅಂಟಿದ್ದವು. ಒಂದನ್ನು ಬಿಡಿಸಿ ಮುಷ್ಟಿಯಲ್ಲಿಟ್ಟುಕೊಂಡು ಸಾಹೇಬರ ಮುಂದೆ ನಿಂತ.

"ನಾ ಅಕಿನ್ನ ನೋಡಿ ಒತ್ತಿಲ್ಲರಿ. ಎಣಿಸಿ ಒತ್ತೇನಿ. ಈ ಪತ್ರ ನನಗ ಬ್ಯಾಡ್ರಿ."

ಸಾಹೇಬರ ಮುಖ ಕಪ್ಪಿಟ್ಟಿತು. "ನೀ ಒಬ್ಬನ ಏನು, ಎಲ್ಲಾರೂ ಎಣಿಸ್ತಿದ್ರಿ?" ಉಳಿದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. "ತಿಂಗಳಾನ ಮಾಡಿದ್ದೆಲ್ಲಾ ಮಣ್ಣ ಪಾಲಾತು! ನಡೀರಿ ಹೊರಗ!" ಎಂದು ಕಾಗದಗಳನ್ನು ಹರಿದು ಎಸೆದರು. ಕೆಲಸ ಯಾರಿಗೂ ಸಿಗಲಿಲ್ಲ. ಮೆಹಬೂಬ ಬಾಗಿಲಲ್ಲಿ ಉಡಚಪ್ಪನ ಕಾಲಬಳಿ ಉಗುಳಿದ. ಮತ್ತೆಂದೂ ಮಾತಾಡಿಸಲಿಲ್ಲ. ಅನ್ನವ್ವನನ್ನು ಬೇರೆ ಕಡೆ ಕೊಟ್ಟರು.

ಉಡಚಪ್ಪ ಈಗ ಎಲೆತೋಟದಲ್ಲಿ ದುಡಿಯುತ್ತಾನೆ. ಅಮಾವಾಸ್ಯೆಗೆ ಚೌಡವ್ವನ ಹೆಸರಿನ ಎಡೆ ತಪ್ಪಿಸಿಲ್ಲ. ಆ ಆಲದ ಕೆಳಗೆ ಮತ್ತೆ ದನಿ ಕೇಳಿಲ್ಲ.

ಇದು ಸುಳ್ಳಲ್ಲ. ನಿಮ್ಮ ಮನೆಯಲ್ಲಿ ಗಾಡಿ ಹೊಡೆಯುವವರಿದ್ದರೆ ಅವರ ಕಿವಿಗೆ ಈ ಮಾತು ಹಾಕಿರಿ, ಅವರು ಇನ್ನೊಬ್ಬರಿಗೆ ಹೇಳಲಿ. ನಂಬದವರಿಗೆ ಇಷ್ಟು ಹೇಳಿರಿ: ಆ ಎಲೆ ಚಿಗವ್ವನ ಮನೆಯ ದೇವರ ಜಗಲಿಯ ಮೇಲಿದೆ, ನಾನೇ ಮುಟ್ಟಿ ನೋಡಿದ್ದೇನೆ. ಅದರ ಮೇಲೆ ಬಸ್ಸಿನ ಟೈರಿನ ಅಚ್ಚು ಮೂಡಿದೆ. ನಾಲ್ಕು ಗೆರೆ.