ಇಳಿಯದ ಮೂಲೆ

ಮಿರ್ಚಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವಾಗ ಸುಹಾಸಿನಿ ಎಡಗೈಯಲ್ಲಿ ಇಕ್ಕಳ ಹಿಡಿದು ಬಾಣಲೆಯನ್ನು ಒಂದಿಷ್ಟು ಎತ್ತಿಕೊಂಡಿದ್ದಳು. ಹಾಗೆ ಎತ್ತಿ ಹಿಡಿಯದಿದ್ದರೆ ಎಣ್ಣೆಯೆಲ್ಲ ಒಂದೇ ಮಗ್ಗುಲಿಗೆ ಹೋಗಿ ನಿಲ್ಲುತ್ತಿತ್ತು. ಎರಡು ವರ್ಷದಿಂದ ಅಡುಗೆಮನೆಯ ನೆಲ, ಕಟ್ಟೆ, ಆಚೆಯ ನಡುಮನೆ ಎಲ್ಲವೂ ಬೀದಿಬಾಗಿಲಿನ ಕಡೆಗೆ ಇಳಿಜಾರಾಗಿದ್ದವು. ಇಲ್ಲಿ ನೀರು ಚೆಲ್ಲಿದರೆ ಅರಿವೆ ತರುವಷ್ಟರಲ್ಲಿ ಅದು ನಡುಮನೆಯಲ್ಲಿ ಪೇಪರ್ ಓದುತ್ತ ಕೂತ ರಮಾಕಾಂತನ ಕಾಲು ಮುಟ್ಟುತ್ತಿತ್ತು. ಅವನು ಪೇಪರ್ ಸರಿಸದೆ ಕಾಲಷ್ಟೇ ಎತ್ತಿಕೊಳ್ಳುತ್ತಿದ್ದ.

ವಿದ್ಯಾನಗರದ ಆ ಓಣಿಯ ಮನೆಗಳೆಲ್ಲ ಎರೆಮಣ್ಣಿನ ಮೇಲೆ ನಿಂತವು. ಮಳೆಗೆ ಉಬ್ಬುವ, ಬೇಸಿಗೆಗೆ ಬಾಯಿಬಿಡುವ ಮಣ್ಣು. ಪಾಯ ರಿಪೇರಿಗೆಂದು ಸುಹಾಸಿನಿ ಮೂವರನ್ನು ಕರೆಸಿದ್ದಳು. ಒಬ್ಬ ಕಾರಿನಿಂದ ಕೆಳಗೇ ಇಳಿಯಲಿಲ್ಲ, ಕಿಟಕಿಯಿಂದಲೇ ಫೋಟೋ ಹೊಡೆದುಕೊಂಡು ಹೋದ. ಇನ್ನೊಬ್ಬ ಬಂದು ಬಹಳ ಇಂಗ್ಲಿಷ್ ಮಾತಾಡಿ ಆಮೇಲೆ ಫೋನು ಎತ್ತಲಿಲ್ಲ. ಮೂರನೆಯವನು ಹನಮೇಶ. ಬೈಕಿನ ಹಿಂದೆ ತನ್ನ ಮುದಿ ತಾಯಿ ಬೀರವ್ವನನ್ನು ಕೂರಿಸಿಕೊಂಡು ಇವತ್ತು ಬೆಳಿಗ್ಗೆಯೇ ಬಂದಿದ್ದ. ಎಲ್ಲ ಅಳೆದು, ಮೂಲೆಮೂಲೆಗೆ ಮಣ್ಣು ಕೆದರಿ ನೋಡಿ, ಒಂದು ಮಾತು ಹೇಳಿದ್ದ.

"ಕೆಲಸ ನಾ ಮಾಡ್ತೇನ್ರಿ ಮ್ಯಾಡಮ್ಮಾರ. ಆದ್ರ ಒಂದು ತಿಂಗಳ ಮನಿ ಖಾಲಿ ಆಗಬೇಕು. ಸೋಮವಾರ ಗುದ್ದಲಿ ಹಾಕಿದ್ನೆಂದ್ರ ಒಳಗ ಯಾರೂ ಇರೂಹಂಗಿಲ್ಲ."

"ಖಾಲಿ ಮಾಡಿ ಎಲ್ಲಿಗೆ ಹೋಗೂದು?" ಎಂದಿದ್ದ ರಮಾಕಾಂತ. "ಮುಂದಿನ ಖೋಲ್ಯಾಗ ಇರ್ತೇವಿ. ಸುಹಾಸ ಅಲ್ಲೇ ಒಂದು ಒಲಿ ಇಟ್ಟು ಸಂಭಾಳಸ್ತಾಳ."

ಸುಹಾಸಿನಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಧ್ಯಾಹ್ನ ಧಾರವಾಡದ ದಾರಿಯ ಸತ್ತೂರಿನಿಂದ ಅಕ್ಕ ಕರುಣಾ ಫೋನು ಮಾಡಿದಾಗ ವಿಷಯ ಹೇಳಿದ್ದಳು. ಎರಡು ಖೋಲಿಯ ಮನೆಯಲ್ಲಿ ಒಬ್ಬಳೇ ಇರುವವಳು. "ಆ ಒಂದು ತಿಂಗಳು ನನ್ನ ಹತ್ರ ಬಾ. ನೀ ಒಬ್ಬಾಕೀನೇ ಬಾ. ಹನ್ನೊಂದು ವರ್ಷದಿಂದ ಕರೀಲಿಕ್ಕೆ ಹತ್ತೀನಿ" ಎಂದಳು. ಸುಹಾಸಿನಿ ನಕ್ಕು, "ನಾ ಬಂದ್ರ ಈ ಮನಿ ನಿಂತೀತೇನಕ್ಕಾ?" ಎಂದು ಫೋನು ಇಟ್ಟಿದ್ದಳು. ಆದರೆ ಅಕ್ಕನ ಮಾತು ಆಗಿನಿಂದ ಅವಳ ಕಿವಿಯಲ್ಲೇ ಉಳಿದಿತ್ತು.

ಸಂಜೆ ಐದಕ್ಕೆ ಹಿಡಿದ ಮಳೆ ಬಿಡಲೇ ಇಲ್ಲ. ಕರೆಂಟು ಹೋಯಿತು. ದಿನವಿಡೀ ಅಳತೆ, ಲೆಕ್ಕ ಮಾಡಿ ಮುಗಿಸಿದ್ದ ಹನಮೇಶ ಮುದುಕಿಯನ್ನು ಕೂರಿಸಿಕೊಂಡು ಬೈಕಿನಲ್ಲಿ ಹೊರಡುವ ಹಾಗಿರಲಿಲ್ಲ. ಚಾರ್ಜರ್ ದೀಪ ಅಡುಗೆಮನೆಯಲ್ಲಿದ್ದುದರಿಂದ ಎಲ್ಲರೂ ಅಲ್ಲಿಗೇ ಬಂದರು. ರಮಾಕಾಂತ ಸ್ಟೂಲಿನ ಮೇಲೆ, ಹನಮೇಶ ಹೊಸ್ತಿಲಲ್ಲಿ, ಸಿವಿಲ್ ಇಂಜಿನಿಯರಿಂಗ್ ಓದುವ ಮಗಳು ಸಾನ್ವಿ ಫ್ರಿಜ್ಜಿಗೆ ಒರಗಿ. ಬೀರವ್ವ ಮಾತ್ರ ಒಲೆಯ ಪಕ್ಕದ ಮೂಲೆಯಲ್ಲಿ ನೆಲಕ್ಕೇ ಕೂತು, ಅಂಗೈಯನ್ನು ಹಾಸುಗಲ್ಲಿನ ಮೇಲೆ ಊರಿದಳು.

"ಅಜ್ಜಿ, ನೆಲದ ನಾಡಿ ನೋಡ್ಲಿಕ್ಕೆ ಹತ್ತೀರೇನು? ಅದಕ್ಕ ನಮ್ಮ ಕಾಲೇಜಿನ್ಯಾಗ ಮಶೀನ್ ಅದಾವ" ಎಂದಳು ಸಾನ್ವಿ.

"ನಿಮ್ಮ ಮಶೀನಿಗೆ ಮಿರ್ಚಿ ತಿನ್ನಾಕ ಬರತೈತೇನ ತಂಗಿ?" ಎಂದು ಬೀರವ್ವ ತಾಟಿಗೆ ಕೈಚಾಚಿದಳು. ಎಲ್ಲರೂ ನಕ್ಕರು.

"ಪಾಯಾ ತಗಿಯೂದಿದ್ರ ಇಕಿನ್ನ ಕರಕೊಂಡ ಬರ್ತೇನ್ರಿ" ಎಂದ ಹನಮೇಶ ಸ್ವಲ್ಪ ನಾಚಿ. "ಕುಂತು ನೋಡ್ತಾಳ. ಇಕಿ ಹೂಂ ಅಂದಮ್ಯಾಲ ಗುದ್ದಲಿ."

"ಯಾಕ?" ಎಂದು ಕೇಳಿದವಳು ಸುಹಾಸಿನಿ.

ಬೀರವ್ವ ಮಿರ್ಚಿ ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡಳು.

"ಹೇಳೇನ್ರಿ ಬಾಯಾರ... ನಲವತ್ತೆಂಟು ವರ್ಷ ಆತು. ಈ ಹನಮ್ಯಾ ಹೊಟ್ಟ್ಯಾಗಿದ್ದ. ಬಸರಿ ಅಂತ ಬುಟ್ಟಿ ಹೊರೂದು ಬಿಟ್ರ ಉಣ್ಣೂದೇನು? ಗೌಸಮೊದ್ದೀನ ಮಿಸ್ತ್ರಿ ಕೈಕೆಳಗ ಕೆಲಸ ನಂದು. ಊರ ಹೆಸರ ಕೇಳಬ್ಯಾಡ್ರಿ, ಆ ಮನಿತನದ ಮಂದಿ ಇನ್ನಾ ಅದಾರ. ದೊಡ್ಡ ಮನಿ, ಎರಿ ನೆಲ, ಒಳಗೆಲ್ಲಾ ಸೊಟ್ಟ. ಮನಿ ಯಜಮಾನ ಅಂದ, ಅಡಗಿಮನಿ ಮೂಲಿ ಉಬ್ಬೇತಿ, ಕೆತ್ತಿ ಸಪಾಟ ಮಾಡ್ರಿ ಅಂತ. ಮಿಸ್ತ್ರಿ ನೀರಿನ ಪೈಪ ಹಿಡದು ನಾಕೂ ಮೂಲಿ ಮಟ್ಟಾ ನೋಡಿದ. ಇನ್ನೊಮ್ಮೆ ನೋಡಿದ. ಆಮ್ಯಾಲ ಪೈಪ ಕೆಳಗಿಟ್ಟು ಬೀಡಿ ಹಚ್ಚಿದ... ಆತ ಬೀಡಿ ಹಚ್ಚಿದ ಅಂದ್ರ ತಲಿ ಓಡವಲ್ದು ಅಂತ. ಆ ಮೂಲಿ ಉಬ್ಬಿರಲಿಲ್ರಿ. ಉಳಿದ ಮೂರು ಮೂಲಿ ನಾಕ್ನಾಕ ಬೆರಳ ಇಳದಿದ್ದು. ಇದೊಂದ, ಕಟ್ಟಿದ ದಿನಾ ಎಲ್ಲಿತ್ತೋ ಅಲ್ಲೇ ನಿಂತಿತ್ತು."

"ಅಲ್ಲಿ ಕೆಳಗ ಗಟ್ಟಿ ಕಲ್ಲು ಇರಬೇಕು ಅಜ್ಜಿ."

"ನಾವೂ ಹಂಗ ತಿಳಕೊಂಡು ತಗದಿವಿ ತಂಗಿ. ಎದಿಮಟ ಮಣ್ಣ ತಗದಮ್ಯಾಲ ಆಳಿನ ಕೈಯಾಗಿನ ಗುದ್ದಲಿ ಜಾರಿ ಒಳಗ ಹೋತು... ಎಷ್ಟೊತ್ತಿಗೋ ತಳಾ ಮುಟ್ಟಿದ ಸಪ್ಪಳ ಬಂತು. ಹಗೇವು! ಹಿಂದಕ ನೆಲದಾಗ ಗಡಿಗಿಹಂತಾ ತಗ್ಗು ತಗದು ಜ್ವಾಳಾ ತುಂಬಿ, ಬಾಯಿಗೆ ಕಲ್ಲ ಮುಚ್ಚಿ ಇಡತಿದ್ರಲ್ರಿ, ಅದು. ದೀಪ ಇಳಿಬಿಟ್ಟು ನೋಡಿದಿವಿ. ಒಂದು ಖೋಲಿಯಷ್ಟು ದೊಡ್ಡದು, ಪೂರಾ ಖಾಲಿ. ಮಣ್ಣಿನ ಮ್ಯಾಲಿದ್ದ ಮೂರು ಮೂಲಿ ಕುಸದಾವು, ಬಯಲಿನ ಮ್ಯಾಲಿದ್ದ ಮೂಲಿ ಎಳಿಯಷ್ಟೂ ಇಳದಿಲ್ಲ. ಏನರ ಮ್ಯಾಲ ನಿಂತಿತ್ತು? ಹೇಳ್ರಿ ನೀವ... ಏನರ ಮ್ಯಾಲ?"

ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಸುಹಾಸಿನಿ ಒಲೆ ಆರಿಸಿದಳು.

"ಆವತ್ತ ಆ ಮನಿ ಮುದುಕಿ ಬಾಯಿ ಬಿಟ್ಲು. ಹಗೇವಿನ ಕಲ್ಲ ತಗದ್ರ ಒಂದು ದಿನಾ ಹಂಗ ಬಿಡಬೇಕ್ರಿ, ಒಳಗ ಕೆಟ್ಟ ಗಾಳಿ ಕುಂತಿರತೈತಿ. ದೀಪ ಇಳಿಸಿ, ಅದು ಆರಲಿಲ್ಲ ಅಂದ್ರ ಮನಶ್ಯಾರು ಇಳೀಬೇಕು. ಹಿಂದಕೊಮ್ಮೆ ಆ ಮನಿಗೆ ಬೀಗರು ಬಂದಿದ್ರು, ಮ್ಯಾಲ ಜ್ವಾಳ ತೀರಿತ್ತು. ಒಂದು ದಿನಾ ಕಾಯಾಕ ಯಾರಿಗೆ ಪುರಸತ್ತು? ಸೊಸಿನ್ನ ಇಳಿಸಿದ್ರು. ಆಕಿ ಪಾಪ ಬುಟ್ಟಿ ತುಂಬಿ ತುಂಬಿ ಕೊಟ್ಲು. ಇವರು ಇಸಗೊಂಡ್ರು. ಸಾಕು, ಮ್ಯಾಲ ಬಾ ಅಂತ ಒಬ್ರೂ ಅನ್ನಲಿಲ್ಲ. ಎಂಟೋ ಹತ್ತೋ ಬುಟ್ಟಿ ಬಂದು... ಆಮ್ಯಾಲ ಹಗ್ಗ ಹಗುರಾತು. ಮನಿ ಮರ್ಯಾದಿ ಅಂತ ಕಲ್ಲ ಮುಚ್ಚಿದ್ರು. ಓಡಿಹೋದ್ಲು ಅಂತ ಊರಾಗ ಹೇಳಿದ್ರು. ಅದರ ಮ್ಯಾಲ ಅಡಗಿಮನಿ ಕಟ್ಟಿದ್ರು, ದಿನಾ ಉಂಡ್ರು. ನಾವು ನೋಡಿದಾಗ ಒಳಗ ಒಂದು ಎಲುಬು ಸೈತ ಇರಲಿಲ್ರಿ ಬಾಯಾರ. ಏನೇನೂ ಇರಲಿಲ್ಲ."

"ಯವ್ವಾ, ಸಾಕಬೇ" ಎಂದ ಹನಮೇಶ.

"ಸುಮ್ನಿರಲೇ, ಕಥಿ ನಂದೈತಿ. ಯಜಮಾನ ಅಂದ, ತುಂಬಿಬಿಡ್ರಿ. ಮರುದಿನ ಕಾಂಕ್ರೀಟು ಕಲಸಿದಿವಿ. ಹಗೇವಿನ ಬಾಯಿ ಹತ್ರ ಹಗ್ಗ ಹಿಡದು ನಿಂತಾಕಿ ನಾನ. ಬುಟ್ಟಿ ಇಳಿಸಿದ್ನೆಂದ್ರ ತಳಾ ಮುಟ್ಟೂದ್ರಾಗ ಹಗುರ ಆಗತಿತ್ತು... ಯಾರೋ ಕೈಯಾಗ ಇಸಗೊಂಡಂಗ. ಎಳದ್ರ ಖಾಲಿ ಬುಟ್ಟಿ, ತೊಳದಂಗ ಸ್ವಚ್ಛ. ಮುಂಜಾನಿಂದ ಹೊತ್ತ ಇಳಿಯೂತನಕ ಕೊಟ್ಟಿವ್ರಿ. ಒಳಗ ಒಂದು ಗೇಣ ಏರಲಿಲ್ಲ. ಕಡೀ ಬುಟ್ಟಿ ಎಳದ್ನಿ, ಕೈ ಜಗ್ಗಿತು. ಭಾರ. ಮ್ಯಾಲ ತಂದು ನೋಡಿದ್ರ... ಜ್ವಾಳ. ಮುಟ್ಟಿದ್ನಿ, ಬೆಚ್ಚಗಿತ್ತು, ಈಗ ಬಿಸಲಿನ್ಯಾಗಿಂದ ತುಂಬಿದಂಗ.

"ಗಂಡಸರೆಲ್ಲಾ ಹಿಂದ ಸರದ್ರು. ಮಿಸ್ತ್ರಿ ಕಣ್ಣ ಮುಚ್ಚಿ ದುವಾ ಮಾಡಾಕತ್ತ. ನನಗ ಅಂಜಿಕಿ ಬರಲಿಲ್ಲ, ಅಳು ಬಂತು. ಬುಟ್ಟಿ ಹೊತ್ತ ನೆತ್ತಿಗೆ ಗೊತ್ತಿರತೈತ್ರಿ, ಇನ್ನೊಂದು ನೆತ್ತಿ ಏನು ಹೊತ್ತೈತಿ ಅಂತ. ಹೊಟ್ಟಿ ಹಿಡಕೊಂಡು ಬಾಗಿ ಒಳಗ ಒದರಿದ್ನಿ. 'ಯವ್ವಾ... ಸಾಕವ್ವಾ. ಎಲ್ಲಾರೂ ಉಂಡಾರ. ಇಳಸಿಬಿಡು. ಹೊರಗ ಬಾ.'

"ಹಗ್ಗ ಬಿಗೀತು. ಒಬ್ಬ ಹೆಣಮಗಳ ಭಾರ. ಎಳದ್ನಿ, ನಾ ಒಬ್ಬಾಕೀನ ಎಳದ್ನಿ. ಕಣ್ಣಿಗೆ ಏನೂ ಕಾಣಲಿಲ್ಲ. ಹಳೇ ಜ್ವಾಳದ ವಾಸನಿ ನನ್ನ ಮಗ್ಗಲ ಹಾದು ಬಾಗಲ ದಾಟಿ ಹೋತು. ಹಿಂದನ ಆ ಮೂಲಿ ಇಳೀತು... ನಿದ್ದಿಹತ್ತಿದ ಕೂಸಿನ್ನ ತೊಟ್ಟಲದಾಗ ಇಡತಾರಲ್ರಿ, ಹಂಗ ಇಳೀತು. ನೆಲುವಿನ ಮ್ಯಾಲಿನ ಗಡಿಗಿ ಸೈತ ಅಳ್ಳಾಡಲಿಲ್ಲ. ಮಿಸ್ತ್ರಿ ಪೈಪ ಹಿಡದು ನೋಡಿದ. ನಾಕೂ ಮೂಲಿ ಒಂದ ಮಟ್ಟ! ಬಾಗಿ ನೋಡಿದ್ರ ಹಗೇವು ಬಾಯಿತನಕ ತುಂಬೇತಿ. ನಾವು ದಿನಪೂರ್ತಿ ಕೊಟ್ಟ ಕಾಂಕ್ರೀಟು. ಅಷ್ಟೂ ಆಕಿ ಹೊತಗೊಂಡ ನಿಂತಿದ್ಲು."

ರಮಾಕಾಂತ, "ಛಲೋ ಹೇಳಿದ್ರಿ" ಎಂದು ನಗಲು ನೋಡಿದ. ನಗು ಬರಲಿಲ್ಲ.

"ಆಕಿ ಎಲ್ಲಿ ಹೋದ್ಲು ಅಜ್ಜಿ?" ಸಾನ್ವಿಯ ದನಿ ಸಣ್ಣಗಾಗಿತ್ತು.

"ಆಕೀದು ಮುಗೀತು ತಂಗಿ. ಹಂತಾ ಮೂಲಿ ಮುಗದಿಲ್ಲ. ಆಮ್ಯಾಲ ಏಳು ಮನ್ಯಾಗ ನೋಡೇನಿ. ಮೂರು ಇಳದು ಒಂದು ನಿಂತದ್ದು. ಏಳೂ ಅಡಗಿಮನಿವ. ಒಂದರಾಗೂ ಹಗೇವು ಇರಲಿಲ್ಲ... ಇಲ್ಲೀದೂ ಮುಂಜಾನೆ ನೋಡಾನಲ್ಲಾ ನಮ್ಮಾಂವ, ಕೇಳ್ರಿ."

ಹನಮೇಶ ತಲೆ ತಗ್ಗಿಸಿದ. "ಮೂರೂ ಇಳದಾವ್ರಿ ಸರ್. ಈ ಮೂಲಿ ಒಂದ ನಿಂತೈತಿ. ಕೆದರಿ ನೋಡಿದ್ನಿ, ಪಾಯದ ಕೆಳಗ ಮಣ್ಣ ಜರದು ಒಂದು ಮೊಳ ಪೊಳ್ಳ ಆಗೇತಿ. ಯಾತರ ಮ್ಯಾಲ ನಿಂತೈತೋ ನನಗ ತಿಳೀಲಿಲ್ರಿ. ಅದಕ್ಕ ಖಾಲಿ ಮಾಡ್ರಿ ಅಂದದ್ದು."

ರಮಾಕಾಂತ ಸ್ಟೂಲಿನಿಂದ ಎದ್ದು ಬಾಗಿಲ ಕಡೆ ಸರಿದ. "ಹಂಗಂದ್ರ... ಈ ಜಾಗಾದಾಗೂ ಯಾರೋ ಸತ್ತಾರಂತೀರೇನು?"

ಬೀರವ್ವ ಅವನ ಕಡೆ ತಿರುಗಲಿಲ್ಲ. ಒಲೆಯ ಮುಂದೆ, ಆ ಮೂಲೆಯಲ್ಲಿ, ಇಪ್ಪತ್ತೆಂಟು ವರ್ಷದಿಂದ ನಿಂತಲ್ಲೇ ನಿಂತಿದ್ದ ಸುಹಾಸಿನಿಯ ಪಾದಗಳನ್ನು ನೋಡುತ್ತಿದ್ದಳು.

"ಸತ್ತಾಕೀನ ಮೂಲಿ ಎತ್ತಿ ಹಿಡೀಬೇಕಂತ ಎಲ್ಲೈತ್ರಿ ಸಾಹೇಬ್ರ? ಜೀವಂತ ಇದ್ದಾಕೀನೂ ಹಿಡದಿರತಾಳ... ಆಕಿಗೆ ಗೊತ್ತಿರೂದಿಲ್ಲ, ಅಷ್ಟ."

ಮಳೆ ಸ್ವಲ್ಪ ಇಳಿಮುಖವಾದಾಗ ತಾಯಿಮಗ ಪ್ಲಾಸ್ಟಿಕ್ ಹಾಳೆ ಹೊದ್ದು ಹೊರಟರು. ರಮಾಕಾಂತ ಗೇಟಿನವರೆಗೂ ಹೋಗಿ, ಸೋಮವಾರ ಬೆಳಿಗ್ಗೆಯೇ ಕೆಲಸ ಹಿಡಿಯಿರಿ, ಮನೆ ಖಾಲಿ ಇರುತ್ತದೆ ಎಂದು ಹೇಳಿ ಬಂದ. ಬಂದವನು ಅಡುಗೆಮನೆಯೊಳಗೆ ಕಾಲಿಡದೆ ಹೊರಗಿನಿಂದಲೇ ಮಾತಾಡಿದ.

"ಸುಹಾಸ, ಎಲ್ಲಾರೂ ತಮ್ಮನ ಮನಿಗೆ ಹೋಗಿಬಿಡೂಣು. ಶ್ರೀರಂಗಗ ಈಗ ಫೋನ್ ಮಾಡ್ತೀನಿ. ಹೆಂಗೂ ಅವನ ಹೆಂಡ್ತಿಗೆ ಸೊಂಟನೋವು. ನೀ ಇದ್ರ ಅವರಿಗೂ ಅಡಗೀದು ಚಿಂತಿ ಇರೂದಿಲ್ಲ."

ಅವಳ ಉತ್ತರಕ್ಕೆ ಕಾಯದೆ ಫೋನು ಹಚ್ಚುತ್ತ ಆಚೆ ಹೋದ. ಸುಹಾಸಿನಿ ಬಗ್ಗಿ, ಬೀರವ್ವ ಕೈ ಊರಿದ್ದ ಜಾಗದಲ್ಲಿ ತನ್ನ ಅಂಗೈ ಇಟ್ಟಳು. ಕಲ್ಲು ತಣ್ಣಗಿರಬೇಕಿತ್ತು. ಬೆಚ್ಚಗಿತ್ತು. ಅವಳ ಮೈಯಷ್ಟೇ ಬೆಚ್ಚಗಿತ್ತು. ಹೆದರಿಕೆಗಿಂತ ಹೆಚ್ಚಾಗಿ ಅವಳಿಗೆ ದೇವರ ಗುಡಿಯಲ್ಲಿ ಒಮ್ಮೊಮ್ಮೆ ಆಗುವಂತೆ ಮೈ ಜುಮ್ಮೆಂದಿತು. ಇಷ್ಟು ದಿನ ಇಷ್ಟನ್ನೆಲ್ಲ... ನಾನೇ?

ಸೋಮವಾರ ಎಲ್ಲರೂ ಶ್ರೀರಂಗನ ಮನೆಗೆ ಹೋಗುವ ಆಟೊ ಹತ್ತಲಿ. ಸಾಮಾನೆಲ್ಲ ಏರಿಸಿ, ಬಾಗಿಲು ಹಾಕಿ, ಬೀಗದ ಕೈ ಹನಮೇಶನಿಗೆ ಕೊಟ್ಟು, ಅವಳು ರಸ್ತೆಯ ಆಚೆ ಬದಿಗೆ ಹೋಗಿ, ಸತ್ತೂರಿನ ಅಕ್ಕನ ಮನೆಗೆಂದು, ಧಾರವಾಡದ ಚಿಗರಿ ಬಸ್ಸು ಹತ್ತುತ್ತಾಳೆ. ಒಂದು ತಿಂಗಳು. ಬೇಕೆನಿಸಿದರೆ ಹೆಚ್ಚು.

ಆಚೆಯಿಂದ ರಮಾಕಾಂತ, "ಹೂಂ ಅಂದಾಳ, ಹೂಂ ಅಂದಾಳ" ಎಂದು ತಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. ಅವಳು ತಿದ್ದಲು ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಕರುಣಾಗೂ ಹೇಳಲಿಲ್ಲ.