ಹೊಕ್ಕುಳಬಳ್ಳಿಯನ್ನು ಅವಸರದಲ್ಲಿ ಕತ್ತರಿಸಿದ ಬಗ್ಗೆ ಮಲ್ಲಿಗಾ ಅವರ ಹೇಳಿಕೆ

ನನ್ನ ಹೆಸರು ಮಲ್ಲಿಗಾ, ಗಂಡ ನಂಜುಂಡನ್, ವಯಸ್ಸು 54, ಕೆಲಸ ಹಸು ಸಾಕಣೆ, ವಾಸ ಕಾಂಗೇಯಂ ಹತ್ತಿರದ ತೋಟದ ಮನೆ, ತಿರುಪ್ಪೂರು ಜಿಲ್ಲೆ. ತುಡಿಯಲೂರು ಠಾಣೆಗೆ ನಾನಾಗಿ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವ ಸಂಗತಿ ಇದು.

ನನ್ನ ಸೊಸೆ ಗೋಕಿಲಾ ತುಡಿಯಲೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುತ್ತಿದ್ದಳು. 20.01.2025ರಂದು ಬೆಳಿಗ್ಗೆ 11 ಗಂಟೆಗೆ ಅಲ್ಲಿಗೆ ಹೋದಾಗ, ಹೊಕ್ಕುಳಬಳ್ಳಿಯ ರಕ್ತ ಕೂಡಿಡುವ ಕಂಪನಿಯ ಏಜೆಂಟ್ ದಿವಾಕರ್ ಎಂಬುವನು ಪಕ್ಕದಲ್ಲೇ ಬಂದು ಕುಳಿತ. ಆ ರಕ್ತ ಹೇಗೂ ಕಸಕ್ಕೆ ಹೋಗುವಂಥದ್ದು, ಕೂಡಿಟ್ಟರೆ ಮುಂದೆ ಮಗುವಿಗೆ ಎಂಥ ರೋಗ ಬಂದರೂ ಅದೇ ಮದ್ದು ಎಂದ. ಡಾಕ್ಟರ್ ಇಂದುಜಾ ಅವರನ್ನು ಕೇಳಿದೆವು. ಅಣ್ಣನಿಗೋ ಅಕ್ಕನಿಗೋ ರಕ್ತದ ರೋಗ ಇರುವ ಮನೆಯಲ್ಲಿ ಅದು ಉಪಯೋಗಕ್ಕೆ ಬರಬಹುದು, ನಿಮ್ಮಲ್ಲಿ ಅಂಥದ್ದಿಲ್ಲ, ಹುಟ್ಟಿನಿಂದ ಬರುವ ರೋಗಕ್ಕೆ ಅದೇ ಮಗುವಿನ ರಕ್ತ ಸಾಮಾನ್ಯವಾಗಿ ಆಗಿಬರುವುದಿಲ್ಲ, ಇಡುವುದಾದರೂ ಬಳ್ಳಿ ಕತ್ತರಿಸುವ ಮುಂಚೆ ಒಂದು ನಿಮಿಷವಾದರೂ ಕಾಯಬೇಕು ಎಂದರು. ಗೋಕಿಲಾ ಬೇಡವೆಂದಳು. ಇರಲಿ ಬಿಡಮ್ಮ, ಮಗುವಿಗೆ ಒಂದು ಕಾವಲು ಎಂದು ಸಹಿ ಹಾಕಿಸಿದವಳು ನಾನು. ಆ ಸಿಟ್ಟು ನನಗೆ ನನ್ನ ಮೇಲೆಯೇ ಇದೆ, ಅದನ್ನೂ ಬರೆದುಕೊಳ್ಳಿ.

14.02.2025ರಂದು ಬೆಳಿಗ್ಗೆ 10.17ಕ್ಕೆ, ಎಂಟನೇ ತಿಂಗಳಲ್ಲೇ, ಹೆಣ್ಣು ಮಗು ಹುಟ್ಟಿತು. ತೂಕ 2 ಕೆಜಿ 50 ಗ್ರಾಂ. ಇಂದುಜಾ ಅವರು ಇನ್ನೊಂದು ಆಪರೇಷನ್‌ನಲ್ಲಿದ್ದರು, ಡ್ಯೂಟಿ ಡಾಕ್ಟರ್ ಹೆರಿಗೆ ಮಾಡಿಸಿದರು. ನಾನು ಮಗುವಿನಿಂದ ಮೂರಡಿ ದೂರದಲ್ಲಿ, ಸೊಸೆಯ ತಲೆಯ ಹತ್ತಿರ ನಿಂತಿದ್ದೆ. ದಿವಾಕರ್ ನೀಲಿ ಗೌನ್ ತೊಟ್ಟು, ಚೀಲ ಹಿಡಿದು ಒಳಗೇ ಇದ್ದ. ಡಾಕ್ಟರ್, ಸೀಕ್ರಂ, ಬೇಗ ಕತ್ತರಿಸಿ, ತಡವಾದರೆ ಚೀಲ ತುಂಬುವುದಿಲ್ಲ ಎಂದು ತಮಿಳಿನಲ್ಲಿ ಎರಡು ಸಲ ಹೇಳಿದ. ನಮ್ಮ ಕೊಟ್ಟಿಗೆಯಲ್ಲಿ ಕರು ಬಿದ್ದಾಗ ಬಳ್ಳಿ ತಾನಾಗಿ ಹರಿಯುವವರೆಗೆ ಯಾರೂ ಕೈ ಹಾಕುವುದಿಲ್ಲ. ಮಗುವಿನ ಬಳ್ಳಿ ಮಿಡಿಯುತ್ತಿದ್ದುದು ನನ್ನ ಕಣ್ಣಿಗೆ ಕಾಣಿಸಿತು. ಬಳ್ಳಿ ಇನ್ನೂ ಮಿಡೀತಾ ಐತೆ, ನಿಲ್ಲೋಗಂಟ ಕುಯ್ಯಬ್ಯಾಡಿ ಎಂದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಯ ಕನ್ನಡ. ಅಲ್ಲಿ ಅದು ಅರ್ಥವಾದದ್ದು ಗೋಕಿಲಾಗೆ ಮಾತ್ರ, ಅವಳಿಗೆ ಉಸಿರೆತ್ತಲೂ ಆಗುತ್ತಿರಲಿಲ್ಲ. ಪಾಟಿ ಸಾಮಿ ಕುಂಬಿಡುತ್ತಿದ್ದಾರೆ, ಅಂದರೆ ಅಜ್ಜಿ ದೇವರಿಗೆ ಕೈಮುಗಿಯುತ್ತಿದ್ದಾರೆ, ಎಂದು ದಿವಾಕರ್ ನಕ್ಕ. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಕಾಲು ಸುತ್ತು ತಿರುಗುವ ಮೊದಲೇ ಕತ್ತರಿಸಿದರು.

ಮಗು ಬಿಳಿಚಿಕೊಂಡಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮರುದಿನ ರಕ್ತ ಸಾಲದೆಂದು, ಯಾರೋ ಪುಣ್ಯಾತ್ಮರು ಕೊಟ್ಟ ರಕ್ತ 30 ಮಿ.ಲೀ. ಏರಿಸಿದರು. ಅದು ಏರುತ್ತಿದ್ದಾಗಲೇ, ಮಧ್ಯಾಹ್ನ 3.40ಕ್ಕೆ, ನನ್ನ ಮಗ ಶರವಣನ್‌ನ ಫೋನಿಗೆ ಕಂಪನಿಯ ಮೆಸೇಜ್ ಬಂತು. ನಿಮ್ಮ ಕಂದನ ರಕ್ತ 80 ಮಿ.ಲೀ. ಸುರಕ್ಷಿತವಾಗಿದೆ, ಅಭಿನಂದನೆಗಳು ಎಂದಿತ್ತು. ಅದನ್ನು ವಾಪಸ್ ತಂದು ಮಗುವಿಗೆ ಕೊಡು ಎಂದು ದಿವಾಕರ್‌ಗೆ ಫೋನ್ ಮಾಡಿದೆ. ಅದು ಮುಂದೆ ಬರುವ ರೋಗಕ್ಕೆ, ಇದಕ್ಕೆಲ್ಲ ಅಲ್ಲಮ್ಮಾ ಎಂದ. ಅವನ ನಾಲಗೆಗೆ ನಾಚಿಕೆ ಎಂಬುದೇ ಇಲ್ಲ. ಅವಸರವೊಂದೇ ಕಾರಣವೆಂದು ಹೇಳಲಾಗದು, ಆದರೆ ಕಾದಿದ್ದರೆ ಮಗುವಿಗೆ ಇನ್ನಷ್ಟು ರಕ್ತ ಸೇರುತ್ತಿತ್ತು ಎಂದು ಇಂದುಜಾ ಅವರು ಆಮೇಲೆ ಹೇಳಿದರು. ಇವತ್ತಿಗೆ ಹನ್ನೊಂದು ದಿನ, ಮಗು ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಹೇಳಿಕೆಯನ್ನು ತಮಿಳಿನಲ್ಲೇ ಕೊಡಬಹುದಲ್ಲ ಎಂದು ಠಾಣೆಯಲ್ಲಿ ಕೇಳಿದರು. ನನಗೆ ತಮಿಳು ಚೆನ್ನಾಗಿ ಬರುತ್ತದೆ. ಅವತ್ತೂ ಬರುತ್ತಿತ್ತು. ಆ ಒಂದು ನಿಮಿಷ ಮಾತ್ರ ಬರಲಿಲ್ಲ. ನಾನು ಸಾಮಿ ಕುಂಬಿಡಲಿಲ್ಲ, ಕುಯ್ಯಬ್ಯಾಡಿ ಎಂದೆ. ಆ ಮಾತು ಹೇಳಿದ ಹಾಗೆಯೇ ಸರ್ಕಾರದ ಕಾಗದದಲ್ಲಿ ಇರಬೇಕು.

ಬರೆದುಕೊಟ್ಟವರು ನಿವೃತ್ತ ಮೇಷ್ಟ್ರು ವ್ಯಾಸರಾಯ. ಅವರು ಓದಿ ಹೇಳಿದ್ದನ್ನು ಕೇಳಿದೆ, ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ಕನ್ನಡ ಅಕ್ಷರ ಬಾರದ ಕಾರಣ ತಮಿಳಿನಲ್ಲಿ ಸಹಿ ಹಾಕಿದ್ದೇನೆ.

ತುಡಿಯಲೂರು, 24.02.2025
(ಸಹಿ) ಮಲ್ಲಿಗಾ